ಬಾಲ ಅದಲುಬದಲಾದ ಎರಡು ಕ್ರೋಮೋಸೋಮ್‌ಗಳು: ಒಂದು ರಕ್ತ ಕ್ಯಾನ್ಸರಿನ ಪ್ರಕರಣ

ಈ ಕಾಯಿಲೆ ಎಷ್ಟೋ ಸಲ ಬೇರೆ ಯಾವುದೋ ನೆಪದಲ್ಲಿ ಸಿಕ್ಕಿಬೀಳುತ್ತದೆ. ಆಫೀಸಿನಲ್ಲಿ ವರ್ಷಕ್ಕೊಮ್ಮೆ ಮಾಡಿಸುವ ಹೆಲ್ತ್ ಚೆಕಪ್, ಹರ್ನಿಯಾ ಆಪರೇಷನ್ನಿಗೆ ಮುಂಚಿನ ರಕ್ತಪರೀಕ್ಷೆ, ಇಲ್ಲದಿದ್ದರೆ "ಯಾಕೋ ಸುಸ್ತು ಜಾಸ್ತಿ, ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿಬಿಡುತ್ತೆ" ಅನ್ನುವ ದೂರು. ವೈದ್ಯರು ಮಲಗಿಸಿ, ಎಡಗಡೆ ಪಕ್ಕೆಲುಬಿನ ಕೆಳಗೆ ಬೆರಳೂರಿ, "ಜೋರಾಗಿ ಉಸಿರು ಎಳ್ಕೊಳ್ಳಿ" ಅನ್ನುತ್ತಾರೆ. ಉಸಿರು ಒಳಗೆ ಹೋದಂತೆ ಗಟ್ಟಿಯಾದದ್ದೇನೋ ಕೆಳಗೆ ಸರಿದು ಬೆರಳ ತುದಿಗೆ ತಾಗುತ್ತದೆ. ಅದು ಗುಲ್ಮ, ಅಂದರೆ ಸ್ಪ್ಲೀನ್. ಆರೋಗ್ಯವಾಗಿರುವ ದೊಡ್ಡವರಲ್ಲಿ ಅದು ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ.

ಆಮೇಲೆ ರಕ್ತದ ರಿಪೋರ್ಟ್ ಬರುತ್ತದೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಬಿಳಿ ರಕ್ತಕಣ 4,000ದಿಂದ 11,000ದವರೆಗೆ ಇರಬೇಕು. ಇಲ್ಲಿ 1 ಲಕ್ಷ, 2 ಲಕ್ಷ ಎಂದು ಬರೆದಿರುತ್ತದೆ. ಒಂದು ಹನಿ ರಕ್ತವನ್ನು ಗಾಜಿನ ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ, ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಇನ್ನೂ ವಿಚಿತ್ರ. ಬೀದಿಗೆ ಬರಬೇಕಾದವು ಬೆಳೆದ ಕಣಗಳು ಮಾತ್ರ. ಎಳೆಯವು ಎಲುಬಿನ ಮಜ್ಜೆಯ ಒಳಗೇ ಇರಬೇಕು. ಇಲ್ಲಿ ಅಂಗನವಾಡಿಯಿಂದ ಕಾಲೇಜಿನವರೆಗೆ ಎಲ್ಲ ವಯಸ್ಸಿನವೂ ಒಟ್ಟಿಗೆ ಮೆರವಣಿಗೆ ಹೊರಟಿರುತ್ತವೆ. ಅನುಭವ ಇರುವ ಪೆಥಾಲಜಿಸ್ಟ್‌ಗೆ ಅಷ್ಟರಲ್ಲೇ ಅನುಮಾನ ಬಂದಿರುತ್ತದೆ: ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ ಎಂಬ ರಕ್ತ ಕ್ಯಾನ್ಸರ್. ಆಸ್ಪತ್ರೆಯಲ್ಲಿ ಎಲ್ಲರೂ ಕರೆಯುವುದು ಸಿಎಂಎಲ್ ಅಂತ.

ಅಪರೂಪದ ಕಾಯಿಲೆ. ವರ್ಷಕ್ಕೆ 1 ಲಕ್ಷ ಜನರಲ್ಲಿ 1 ಅಥವಾ 2 ಜನರಿಗೆ ಬರುತ್ತದೆ. ಪಶ್ಚಿಮದ ದೇಶಗಳಲ್ಲಿ ಇದು 60ರ ಆಸುಪಾಸಿನವರ ರೋಗ. ನಮ್ಮ ಆಸ್ಪತ್ರೆಗಳಿಗೆ ಬರುವವರು ಅದಕ್ಕಿಂತ ಚಿಕ್ಕವರು, ಇನ್ನೂ ಮಕ್ಕಳ ಸ್ಕೂಲ್ ಫೀಸು ಕಟ್ಟುತ್ತಿರುವ ವಯಸ್ಸಿನವರೇ ಹೆಚ್ಚು.

ಇಷ್ಟು ಅಪರೂಪದ್ದನ್ನೇ ಆರಿಸಿಕೊಳ್ಳಲು ಕಾರಣ ಇದೆ. ಸಾಮಾನ್ಯವಾಗಿ ಕ್ಯಾನ್ಸರ್ ಎನ್ನುವುದು ಹತ್ತಾರು ವರ್ಷಗಳಲ್ಲಿ ಒಂದರ ಮೇಲೊಂದು ಕೂಡಿಕೊಂಡ ಹಲವು ತಪ್ಪುಗಳ ಮೊತ್ತ. ಯಾವುದು ಮೊದಲು, ಯಾವುದು ಮುಖ್ಯ ಎಂದು ಬಿಡಿಸುವುದೇ ಕಷ್ಟ. ಸಿಎಂಎಲ್‌ನಲ್ಲಿ ಹಾಗಲ್ಲ. ಶುರುವಿನಲ್ಲಿ ಒಂದೇ ತಪ್ಪು, ಒಂದೇ ಕೋಶದಲ್ಲಿ. ಅದನ್ನು ಕಣ್ಣಾರೆ ನೋಡಬಹುದು. ಜೀವಕೋಶ ಹೇಗೆ ಎರಡಾಗುತ್ತದೆ, ಎಲ್ಲಿ ಎಡವುತ್ತದೆ, ಅದರ ಕಾವಲು ಯಾಕೆ ಹಿಡಿಯುವುದಿಲ್ಲ ಅನ್ನುವುದೆಲ್ಲ ಈ ಒಂದು ಪ್ರಕರಣದಲ್ಲಿ ಬಿಚ್ಚಿಕೊಳ್ಳುತ್ತದೆ.

ನಲ್ಲಿ ನೀರು

1950ರ ದಶಕದ ಕೊನೆ. ಅಮೆರಿಕದ ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಪೀಟರ್ ನೋವೆಲ್ ಎಂಬ ಪೆಥಾಲಜಿಸ್ಟ್ ಲ್ಯುಕೇಮಿಯಾ ರೋಗಿಗಳ ರಕ್ತಕಣಗಳನ್ನು ಸ್ಲೈಡಿನ ಮೇಲೆ ಬೆಳೆಸಿ ನೋಡುತ್ತಿದ್ದರು. ಕೋಶದ ಡಿಎನ್‌ಎ ಸುತ್ತಿಟ್ಟ ಎಳೆಗಳಾದ ಕ್ರೋಮೋಸೋಮ್‌ಗಳ ಬಗ್ಗೆ ಅವರಿಗೆ ಅಂಥ ಆಸಕ್ತಿ ಇರಲಿಲ್ಲ. ಬಣ್ಣ ಹಾಕುವ ಮುಂಚೆ ಸ್ಲೈಡನ್ನು ನಲ್ಲಿ ನೀರಿನಲ್ಲಿ ತೊಳೆದರು, ಅಷ್ಟೇ.

ಸಪ್ಪೆ ನೀರು ಸಿಕ್ಕರೆ ಜೀವಕೋಶ ಅದನ್ನು ಹೀರಿ ಉಬ್ಬುತ್ತದೆ. ಒಣದ್ರಾಕ್ಷಿ ನೀರಿನಲ್ಲಿ ಉಬ್ಬುತ್ತದಲ್ಲ, ಹಾಗೆ. ಒಳಗೆ ಒತ್ತೊತ್ತಾಗಿದ್ದ ಕ್ರೋಮೋಸೋಮ್‌ಗಳು ಒಂದರಿಂದೊಂದು ದೂರ ಸರಿದು ಹರಡಿಕೊಂಡವು. ಸ್ಲೈಡಿನ ಮೇಲೆ ಯಾರೋ ಗಂಧದ ಕಡ್ಡಿ ಮುರಿದು ಚೆಲ್ಲಿದ ಹಾಗೆ ಬಿಡಿಬಿಡಿಯಾಗಿ ಕಂಡವು. ಇದೇನೋ ಇರಬೇಕು ಅನ್ನಿಸಿ ನೋವೆಲ್ ಇದನ್ನು ಓದಬಲ್ಲವರನ್ನು ಹುಡುಕಿದರು. ಅದೇ ಊರಿನ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯಲ್ಲಿ ಡೇವಿಡ್ ಹಂಗರ್‌ಫೋರ್ಡ್ ಎಂಬ ವಿದ್ಯಾರ್ಥಿ ಸಿಕ್ಕರು. ಮನುಷ್ಯನ ಕೋಶದಲ್ಲಿ 46 ಕ್ರೋಮೋಸೋಮ್‌ಗಳಿವೆ ಎಂದು ಸರಿಯಾಗಿ ಎಣಿಸಿದ್ದೇ 1956ರಲ್ಲಿ. ಆ ಕಾಲದಲ್ಲಿ ಇದನ್ನು ಓದಬಲ್ಲವರು ಬೆರಳೆಣಿಕೆಯಷ್ಟು ಜನ.

ಹಂಗರ್‌ಫೋರ್ಡ್ ಗಮನಿಸಿದ್ದು ಒಂದು ಕುಳ್ಳು ಕ್ರೋಮೋಸೋಮನ್ನು. ಸಿಎಂಎಲ್ ರೋಗಿಗಳ ಕೋಶಗಳಲ್ಲಿ ಒಂದು ಕ್ರೋಮೋಸೋಮ್ ಇರಬೇಕಾದ್ದಕ್ಕಿಂತ ಗಿಡ್ಡವಾಗಿತ್ತು. ಒಬ್ಬರಲ್ಲಿ ಅಲ್ಲ, ನೋಡಿದ ರೋಗಿಗಳಲ್ಲೆಲ್ಲ. 1960ರಲ್ಲಿ ಇಬ್ಬರೂ ಸೇರಿ ಇದನ್ನು ಒಂದು ಚಿಕ್ಕ ಟಿಪ್ಪಣಿಯಾಗಿ ಪ್ರಕಟಿಸಿದರು. ಆ ಕ್ರೋಮೋಸೋಮಿಗೆ ಊರಿನ ಹೆಸರೇ ನಿಂತಿತು: ಫಿಲಡೆಲ್ಫಿಯಾ ಕ್ರೋಮೋಸೋಮ್. ಕ್ಯಾನ್ಸರಿಗೂ ಜೀನುಗಳಿಗೂ ನೇರ ಸಂಬಂಧ ಇದೆ ಎನ್ನುವುದಕ್ಕೆ ಮನುಷ್ಯರಲ್ಲಿ ಸಿಕ್ಕ ಮೊದಲ ಗಟ್ಟಿ ಗುರುತು ಇದು.

ಇಲ್ಲಿ ಒಂದು ಪಕ್ಕದ ಮಾತು. ಕ್ರೋಮೋಸೋಮ್‌ಗಳು ಯಾವಾಗಲೂ ಹೀಗೆ ಕಡ್ಡಿ ಕಡ್ಡಿಯಾಗಿ ಕಾಣುವುದಿಲ್ಲ. ಕೋಶ ಒಡೆದು ಎರಡಾಗುವ ಸ್ವಲ್ಪ ಹೊತ್ತಿನಲ್ಲಿ ಮಾತ್ರ ಅವು ಸುರುಳಿ ಸುತ್ತಿ ದಪ್ಪಗಾಗುತ್ತವೆ. ಅದಕ್ಕೇ ಲ್ಯಾಬಿನವರು ಕೋಶವನ್ನು ಸರಿಯಾಗಿ ಆ ಹೊತ್ತಿನಲ್ಲೇ ತಡೆದು ನಿಲ್ಲಿಸಬೇಕು. ಹಾಗೆ ನಿಲ್ಲಿಸುವ ಹಳೆಯ ಮದ್ದು ಕಾಲ್ಚಿಸಿನ್. ಮಲೆನಾಡಿನ ಬೇಲಿಗಳಲ್ಲಿ ಮಳೆಗಾಲಕ್ಕೆ ಕೆಂಪು ಹಳದಿಯಾಗಿ ಅರಳುವ ಅಗ್ನಿಶಿಖೆ ಇದೆಯಲ್ಲ, ಗೌರಿ ಹೂ ಅನ್ನುತ್ತೇವೆ, ಅದರ ಗೆಡ್ಡೆಯಲ್ಲೂ ಬೀಜದಲ್ಲೂ ಇರುವ ವಿಷ ಇದೇ. ಇನ್ನು ರಕ್ತದ ಬಿಳಿ ಕಣಗಳನ್ನು ಲ್ಯಾಬಿನಲ್ಲಿ ಒಡೆಯುವಂತೆ ಕೆಣಕುವ ಉಪಾಯ ಕಂಡುಕೊಂಡವರೂ ನೋವೆಲ್ಲೇ. ಅದಕ್ಕೆ ಬಳಸಿದ್ದು ರಾಜ್ಮಾ ಕಾಳಿನ ರಸ.

ಒಂದು ಕೋಶದ ಒಳಗೆ ನಡೆದದ್ದು

ಈಗ ಮಜ್ಜೆಯ ಒಳಗೆ ಹೋಗೋಣ. ಅಲ್ಲಿ ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಕೆಂಪು ಕಣಗಳು ಹುಟ್ಟುತ್ತವೆ. ಬಿಳಿ ಕಣಗಳದ್ದು ಬೇರೆ ಲೆಕ್ಕ. ಇವೆಲ್ಲದರ ಬೇರು ಕೆಲವೇ ಸ್ಟೆಮ್ ಸೆಲ್‌ಗಳು. ತಾಯಿಕೋಶ ಎಂದು ಕರೆಯೋಣ. ತಾಯಿಕೋಶ ಅಪರೂಪಕ್ಕೊಮ್ಮೆ ಎದ್ದು ಎರಡಾಗುತ್ತದೆ. ಒಂದು ಮತ್ತೆ ತಾಯಿಯಾಗಿಯೇ ಉಳಿದರೆ, ಇನ್ನೊಂದು ಎರಡು, ನಾಲ್ಕು, ಎಂಟು ಅಂತ ಹೆಚ್ಚುತ್ತ ಹೋಗಿ ರಕ್ತಕಣಗಳಾಗುತ್ತದೆ.

ಎರಡಾಗುವ ಮುಂಚೆ ಕೋಶ ತನ್ನ ಡಿಎನ್‌ಎ ಪೂರ್ತಿ ನಕಲು ಮಾಡಿಕೊಳ್ಳಬೇಕು. ಅಪ್ಪ, ಅಮ್ಮ ಇಬ್ಬರಿಂದಲೂ ಬಂದ ಪ್ರತಿ ಸೇರಿಸಿ ಸುಮಾರು 600 ಕೋಟಿ ಅಕ್ಷರಗಳು. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳ ಬರಹ. ಇದನ್ನು ಒಂದೇ ತುದಿಯಿಂದ ಶುರು ಮಾಡಿದರೆ ಮುಗಿಯುವುದೇ ಇಲ್ಲ. ಹಾಗಾಗಿ ಸಾವಿರಾರು ಕಡೆ ಒಟ್ಟಿಗೆ ಬಿಚ್ಚಿಕೊಂಡು ನಕಲು ನಡೆಯುತ್ತದೆ. ಮುಗಿಯಲು ಸುಮಾರು 8 ಗಂಟೆ ಹಿಡಿಯುತ್ತದೆ. ನಕಲು ಮಾಡುವ ಕಿಣ್ವದ ಹೆಸರು ಡಿಎನ್‌ಎ ಪಾಲಿಮರೇಸ್. ಅದು ಸುಮಾರು 1 ಲಕ್ಷ ಅಕ್ಷರಕ್ಕೆ ಒಂದು ತಪ್ಪು ಮಾಡುತ್ತದೆ. ಮಾಡಿದ ತಕ್ಷಣ ತಾನೇ ಹಿಂದೆ ಸರಿದು, ಕಿತ್ತು, ಸರಿಪಡಿಸುತ್ತದೆ. ಅದರ ಕಣ್ಣೂ ತಪ್ಪಿಸಿಕೊಂಡದ್ದನ್ನು ಹಿಂದೆ ಬರುವ ಇನ್ನೊಂದು ತಂಡ ಹಿಡಿಯುತ್ತದೆ. ಕೊನೆಗೆ ಉಳಿಯುವುದು ಸುಮಾರು 100 ಕೋಟಿ ಅಕ್ಷರಕ್ಕೆ ಒಂದು ತಪ್ಪು. ಯಾವ ಪ್ರೂಫ್ ರೀಡರ್‌ಗೂ ಇದು ಸಾಧ್ಯವಿಲ್ಲ. ಈ ಲೆಕ್ಕ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಸಿಎಂಎಲ್‌ನಲ್ಲಿ ಆದದ್ದು ಅಕ್ಷರದ ತಪ್ಪಲ್ಲ. ಹಾಳೆಯೇ ಹರಿದದ್ದು.

ಒಂದು ತಾಯಿಕೋಶದಲ್ಲಿ 9ನೇ ಕ್ರೋಮೋಸೋಮ್ ತುದಿಯ ಹತ್ತಿರ ತುಂಡಾಯಿತು. ಅದೇ ಹೊತ್ತಿಗೆ 22ನೆಯದೂ ತುಂಡಾಯಿತು. ಡಿಎನ್‌ಎ ತುಂಡಾಗುವುದೇನೂ ದೊಡ್ಡ ಸುದ್ದಿಯಲ್ಲ, ಅದು ಆಗುತ್ತಲೇ ಇರುತ್ತದೆ. ವಿಕಿರಣ ತಗುಲಿದರೆ ಜಾಸ್ತಿ ಆಗುತ್ತದೆ. ಹಿರೋಶಿಮಾ ಬಾಂಬಿನಿಂದ ಉಳಿದವರಲ್ಲಿ ಸಿಎಂಎಲ್ ಹೆಚ್ಚಾಗಿ ಕಾಣಿಸಿಕೊಂಡದ್ದು ಇದಕ್ಕೇ. ಆದರೆ ಬಹುಪಾಲು ರೋಗಿಗಳಲ್ಲಿ ಇಂಥ ಯಾವ ಕಾರಣವೂ ಸಿಗುವುದಿಲ್ಲ. "ನಾನೇನು ತಪ್ಪು ಮಾಡಿದೆ ಡಾಕ್ಟ್ರೇ?" ಎಂದು ಕೇಳುವವರಿಗೆ ಇರುವ ಪ್ರಾಮಾಣಿಕ ಉತ್ತರ, "ಏನೂ ಮಾಡಿಲ್ಲ" ಎಂಬುದೇ. ಅಪ್ಪ ಅಮ್ಮನಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ.

ತುಂಡಾದ ತುದಿ ಕಂಡರೆ ಕೋಶದ ರಿಪೇರಿ ತಂಡ ಓಡಿಬರುತ್ತದೆ. ಅದರ ಕೆಲಸದ ಒಂದು ಕ್ರಮ ತೀರಾ ಸರಳ: ಹತ್ತಿರ ಯಾವ ಎರಡು ತುದಿ ಸಿಕ್ಕರೂ ಬೆಸೆದುಬಿಡು. ಒಂದೇ ಕಡೆ ತುಂಡಾಗಿದ್ದರೆ ಇದು ಸರಿಹೋಗುತ್ತದೆ. ಎರಡು ಕಡೆ ಒಟ್ಟಿಗೆ ತುಂಡಾಗಿದ್ದರೆ? ಕತ್ತಲಲ್ಲಿ ಕರೆಂಟಿನ ನಾಲ್ಕು ವೈರು ಕೈಗೆ ಸಿಕ್ಕ ಹಾಗೆ. 9 ಮತ್ತು 22ರ ಈ ಜಾಗಗಳು ರಕ್ತದ ಕೋಶಗಳ ಒಳಗೆ ಒಂದಕ್ಕೊಂದು ಹತ್ತಿರವೇ ಇರುತ್ತವೆ ಎಂದು ಆಮೇಲೆ ಗೊತ್ತಾಗಿದೆ. 9ರ ಬಾಲ 22ಕ್ಕೆ ಅಂಟಿತು, 22ರ ಬಾಲ 9ಕ್ಕೆ ಅಂಟಿತು. 22 ಕೊಟ್ಟದ್ದು ದೊಡ್ಡ ತುಂಡು, ಪಡೆದದ್ದು ಚಿಕ್ಕದು. ಅದಕ್ಕೇ ಕುಳ್ಳಾಯಿತು.

ಈ ಪ್ರಕರಣದಲ್ಲಿ ನನಗೆ ಅತಿ ಹೆಚ್ಚು ಕಾಡುವ ಭಾಗ ಮುಂದಿನದು. ಕೋಶಕ್ಕೆ ಕಾವಲು ಕಡಿಮೆಯೇನಿಲ್ಲ. ಡಿಎನ್‌ಎ ತುಂಡಾಗಿದ್ದರೆ ಪಿ53 ಎಂಬ ಪ್ರೋಟೀನ್ ಎದ್ದು ಎಲ್ಲವನ್ನೂ ತಡೆಯುತ್ತದೆ. ನಕಲು ಪೂರ್ತಿ ಆಗಿಲ್ಲದಿದ್ದರೆ ಇನ್ನೊಂದು ಕಾವಲು ಮುಂದಕ್ಕೆ ಬಿಡುವುದಿಲ್ಲ. ಪಾಲು ಮಾಡುವ ಹೊತ್ತಿಗೆ ಮತ್ತೊಂದು ಕಾವಲು, ಪ್ರತಿ ಕ್ರೋಮೋಸೋಮಿನ ಸೊಂಟಕ್ಕೂ ಎರಡೂ ಕಡೆಯಿಂದ ಎಳೆಗಳು ಕಟ್ಟಿಕೊಂಡಿವೆಯೇ ಎಂದು ನೋಡುತ್ತದೆ. ಒಂದೇ ಒಂದು ಕಟ್ಟಿಕೊಳ್ಳದಿದ್ದರೂ ಉಳಿದ 45 ಕಾಯುತ್ತವೆ.

ಈಗ ನಮ್ಮ ಕೋಶವನ್ನು ಈ ಕಾವಲಿನ ಮುಂದೆ ನಿಲ್ಲಿಸಿ. ಬಿಡಿ ತುದಿ ಇದೆಯಾ? ಇಲ್ಲ, ಬೆಸೆದಾಗಿದೆ. ನಕಲು ಆಯಿತಾ? ಪೂರ್ತಿ ಆಗಿದೆ, ಒಂದಕ್ಷರ ಬಿಡದೆ. ಸೊಂಟ ಇದೆಯಾ? 9ಕ್ಕೂ ಒಂದು, 22ಕ್ಕೂ ಒಂದು, ಸರಿಯಾಗಿದೆ. ಬಾಲ ಮಾತ್ರ ಬೇರೆಯವರದ್ದು. ಆದರೆ "ಈ ಬಾಲ ನಿನ್ನದೇನಾ?" ಎಂದು ಕೇಳುವ ಕಾವಲುಗಾರ ಜೀವಕೋಶದಲ್ಲಿ ಇಲ್ಲವೇ ಇಲ್ಲ. ಕೋಶ ನೆಮ್ಮದಿಯಿಂದ ಎರಡಾಗುತ್ತದೆ. ತಪ್ಪು ಜೋಡಣೆ ಅಚ್ಚುಕಟ್ಟಾಗಿ ನಕಲಾಗಿ ಮಗಳಿಗೂ ಹೋಗುತ್ತದೆ, ಮೊಮ್ಮಗಳಿಗೂ ಹೋಗುತ್ತದೆ. ಅಷ್ಟು ಚೊಕ್ಕವಾಗಿ ನಕಲು ಮಾಡುವ ಯಂತ್ರವೇ ಇಲ್ಲಿ ರೋಗವನ್ನು ಕಾಪಾಡುವುದು.

ಊಟದ ಮೇಜಿನ ಮೇಲೆ

ಇಷ್ಟೆಲ್ಲ 1960ರಲ್ಲಿ ಗೊತ್ತಿರಲಿಲ್ಲ. ಕುಳ್ಳು ಕ್ರೋಮೋಸೋಮಿನ ಒಂದು ತುಂಡು ಕಳೆದುಹೋಗಿದೆ ಎಂದೇ ಎಲ್ಲರೂ ಅಂದುಕೊಂಡಿದ್ದರು. ಕಳೆದದ್ದು ಎಲ್ಲಿ ಹೋಯಿತು ಎಂದು ಹುಡುಕಿಕೊಟ್ಟವರು ಷಿಕಾಗೋದ ಜಾನೆಟ್ ರೌಲಿ. ನಾಲ್ಕು ಗಂಡುಮಕ್ಕಳ ತಾಯಿ. ಎಷ್ಟೋ ವರ್ಷ ವಾರಕ್ಕೆ ಮೂರು ದಿನ ಮಾತ್ರ ಲ್ಯಾಬಿಗೆ ಹೋಗುತ್ತಿದ್ದವರು.

1970ರ ಹೊತ್ತಿಗೆ ಹೊಸದೊಂದು ವಿಧಾನ ಬಂದಿತ್ತು. ಮಲೇರಿಯಾಕ್ಕೆ ಕೊಡುತ್ತಿದ್ದ ಕ್ವಿನಾಕ್ರಿನ್ ಎಂಬ ಮದ್ದನ್ನು ಕ್ರೋಮೋಸೋಮಿಗೆ ಹಚ್ಚಿ ನೇರಳಾತೀತ ಬೆಳಕಿನಲ್ಲಿ ನೋಡಿದರೆ ಹೊಳೆಯುವ, ಮಂಕಾದ ಪಟ್ಟೆಗಳು ಮೂಡುತ್ತವೆ. ಪ್ರತಿ ಕ್ರೋಮೋಸೋಮಿಗೂ ಅದರದ್ದೇ ಪಟ್ಟೆ, ಸೀರೆಯ ಅಂಚು ನೋಡಿ ಯಾವ ಊರಿನದ್ದು ಅನ್ನುವ ಹಾಗೆ. ರೌಲಿ ಫೋಟೋಗಳನ್ನು ಮನೆಗೆ ತಂದು, ಒಂದೊಂದೇ ಕ್ರೋಮೋಸೋಮನ್ನು ಕತ್ತರಿಯಲ್ಲಿ ಕತ್ತರಿಸಿ, ಊಟದ ಮೇಜಿನ ಮೇಲೆ ಜೋಡಿ ಜೋಡಿ ಇಡುತ್ತಿದ್ದರು. ಅಮ್ಮ ಕಾಗದದ ಗೊಂಬೆ ಆಡುತ್ತಾಳೆ ಎಂದು ಮಕ್ಕಳು ತಮಾಷೆ ಮಾಡುತ್ತಿದ್ದರಂತೆ.

1972ರಲ್ಲಿ ಆ ಮೇಜಿನ ಮೇಲೆ ಎರಡು ಸಂಗತಿ ಒಟ್ಟಿಗೆ ಕಂಡವು. 22 ಗಿಡ್ಡ. ಅದೇ ಕೋಶದಲ್ಲಿ 9 ಸ್ವಲ್ಪ ಉದ್ದ. ಇನ್ನೊಬ್ಬ ರೋಗಿಯ ಫೋಟೋದಲ್ಲೂ ಹಾಗೇ. ಅಂದರೆ ತುಂಡು ಕಳೆದುಹೋಗಿಲ್ಲ, ಮನೆ ಬದಲಿಸಿದೆ. 1973ರಲ್ಲಿ ಇದು ಪ್ರಕಟವಾಯಿತು. ನಮ್ಮಲ್ಲಿ ಕೆಲವರಿಗೆ ದೊಡ್ಡ ಲ್ಯಾಬು, ದೊಡ್ಡ ಯಂತ್ರ ಇಲ್ಲದೆ ವಿಜ್ಞಾನ ಆಗುವುದಿಲ್ಲ ಅನ್ನುವ ನಂಬಿಕೆ ಇದೆಯಲ್ಲ, ಅವರಿಗೆ ಈ ಕತ್ತರಿಯ ಕಥೆ ಹೇಳಬೇಕು.

ಮುಚ್ಚಳ ಹೋದ ಪ್ರೋಟೀನ್

ಬಾಲ ಬದಲಾದರೆ ಕ್ಯಾನ್ಸರ್ ಯಾಕೆ ಬರಬೇಕು? 1980ರ ದಶಕದಲ್ಲಿ ಉತ್ತರ ಸಿಕ್ಕಿತು. 9ನೆಯದು ತುಂಡಾದ ಜಾಗದಲ್ಲಿ ಎಬಿಎಲ್ ಎಂಬ ಜೀನ್ ಇತ್ತು. 22ರಲ್ಲಿ ಬಿಸಿಆರ್. ಬೆಸುಗೆಯಲ್ಲಿ ಇವೆರಡೂ ಸೇರಿ ಒಂದೇ ವಾಕ್ಯವಾದವು, ಒಂದರ ಮೊದಲರ್ಧ, ಇನ್ನೊಂದರ ಉಳಿದರ್ಧ. ಕೋಶ ಅದನ್ನು ಓದಿ ಪ್ರಪಂಚದಲ್ಲಿ ಇಲ್ಲದ ಒಂದು ಪ್ರೋಟೀನ್ ತಯಾರಿಸಿತು: ಬಿಸಿಆರ್-ಎಬಿಎಲ್.

ಎಬಿಎಲ್ ಸ್ವಂತ ಮನೆಯಲ್ಲಿದ್ದಾಗ ಒಳ್ಳೆಯ ಕೆಲಸಗಾರ. ಅದು ಕೈನೇಸ್ ಎಂಬ ಜಾತಿಯ ಕಿಣ್ವ. ಕೋಶದ ಇಂಧನವಾದ ಎಟಿಪಿಯಿಂದ ಒಂದು ಫಾಸ್ಫೇಟ್ ಕಿತ್ತು ಬೇರೆ ಪ್ರೋಟೀನಿಗೆ ಅಂಟಿಸುತ್ತದೆ. ಅಂಟಿಸಿದರೆ ಆ ಪ್ರೋಟೀನ್ ಆನ್ ಆದ ಹಾಗೆ. ಹೊರಗಿನಿಂದ ಸೂಚನೆ ಬಂದಾಗ ಮಾತ್ರ ಎಬಿಎಲ್ ಈ ಕೆಲಸ ಮಾಡಬೇಕು. ಉಳಿದ ಹೊತ್ತು ಸುಮ್ನೆ ಮಡಚಿಕೊಂಡು ಕೂತಿರಬೇಕು. ಮಡಚಿ ಹಿಡಿಯಲು ಅದರ ತಲೆಯ ತುದಿಯಲ್ಲಿ ಕೊಬ್ಬಿನ ಒಂದು ಪುಟ್ಟ ಕೊಂಡಿ ಇದೆ. ಆ ಕೊಂಡಿ ಎಬಿಎಲ್‌ನ ಬೆನ್ನಿನ ಒಂದು ಗುಳಿಯಲ್ಲಿ ಕೂತು ಚಿಲಕ ಹಾಕುತ್ತದೆ.

ಬೆಸುಗೆಯಲ್ಲಿ ಹೋದದ್ದು ಸರಿಯಾಗಿ ಆ ತಲೆಯ ತುದಿಯೇ. ಚಿಲಕ ಹೋಯಿತು. ಅದರ ಜಾಗಕ್ಕೆ ಬಂದ ಬಿಸಿಆರ್ ತುಂಡಿಗೆ ತನ್ನಂಥವರನ್ನು ಕಂಡರೆ ತಬ್ಬಿಕೊಳ್ಳುವ ಸ್ವಭಾವ. ಹೀಗೆ ಗುಂಪುಗೂಡಿದ ಎಬಿಎಲ್‌ಗಳು ಒಂದನ್ನೊಂದು ಆನ್ ಮಾಡುತ್ತವೆ. ಆಫ್ ಮಾಡುವವರಿಲ್ಲ. "ಒಡೆ, ಒಡೆ, ಸಾಯಬೇಡ" ಎನ್ನುವ ಸೂಚನೆ ಹಗಲೂ ರಾತ್ರಿ ಹೋಗುತ್ತಿರುತ್ತದೆ. ಹೊರಗಿನಿಂದ ಯಾರೂ ಕರೆಯದಿದ್ದರೂ ಆ ಕೋಶದ ಸಂತಾನ ಹೆಚ್ಚುತ್ತದೆ. ಮಜ್ಜೆ ತುಂಬುತ್ತದೆ, ರಕ್ತ ತುಂಬುತ್ತದೆ, ಕೊನೆಗೆ ಗುಲ್ಮ ಊದಿ ವೈದ್ಯರ ಬೆರಳಿಗೆ ಸಿಗುತ್ತದೆ.

ಒಂದು ತಿರುವು ಇಲ್ಲೇ ಹೇಳಿಬಿಡಬೇಕು. ತೀರಾ ಸೂಕ್ಷ್ಮವಾದ ಪರೀಕ್ಷೆ ಮಾಡಿದಾಗ ಯಾವ ಕಾಯಿಲೆಯೂ ಇಲ್ಲದ ಎಷ್ಟೋ ಜನರ ರಕ್ತದಲ್ಲೂ ಬಿಸಿಆರ್-ಎಬಿಎಲ್‌ನ ಸುಳಿವು ಸಿಕ್ಕಿದೆ. ಅವರಿಗೆ ರೋಗ ಬಂದಿಲ್ಲ. ತಪ್ಪು ಬೆಸುಗೆ ಸಾಯಲಿರುವ ಮಾಮೂಲಿ ರಕ್ತಕಣದಲ್ಲಿ ಆದರೆ ಆ ಕಣದ ಜೊತೆ ಅದೂ ಮುಗಿಯುತ್ತದೆ. ಕೊನೆಯಿಲ್ಲದೆ ಒಡೆಯಬಲ್ಲ ತಾಯಿಕೋಶದಲ್ಲೇ ಆಗಬೇಕು, ಆಗಿ ಬೇರೂರಬೇಕು. ತಪ್ಪು ಆಗುವುದಕ್ಕಿಂತ ಎಲ್ಲಿ ಆಗುತ್ತದೆ ಅನ್ನುವುದೇ ದೊಡ್ಡದು.

ಚಿಕಿತ್ಸೆ ಇಲ್ಲದಿದ್ದರೆ ಈ ರೋಗ ಸುಮಾರು 3ರಿಂದ 5 ವರ್ಷ ಹೀಗೇ ನಿಧಾನವಾಗಿ ಸಾಗುತ್ತದೆ. ಆಮೇಲೆ ಇನ್ನಷ್ಟು ತಪ್ಪುಗಳು ಸೇರಿಕೊಂಡು ಕಣಗಳು ಬೆಳೆಯುವುದನ್ನೇ ಮರೆಯುತ್ತವೆ. ಬರೀ ಎಳೆಯ ಕಣಗಳೇ ತುಂಬುತ್ತವೆ. ಬ್ಲಾಸ್ಟ್ ಕ್ರೈಸಿಸ್ ಅನ್ನುತ್ತಾರೆ. ಅಲ್ಲಿಂದ ತಿಂಗಳುಗಳ ಮಾತು.

ಒಂದು ಮಾತ್ರೆ

ಒಂದೇ ಪ್ರೋಟೀನ್ ಕಾರಣ ಅಂದಮೇಲೆ ಅದನ್ನೊಂದು ನಿಲ್ಲಿಸಿದರೆ ಸಾಕಲ್ವಾ? ಕೇಳಲು ಸುಲಭ. ಮನುಷ್ಯನಲ್ಲಿ 500ಕ್ಕೂ ಹೆಚ್ಚು ಕೈನೇಸ್‌ಗಳಿವೆ, ಎಲ್ಲವೂ ಎಟಿಪಿಯನ್ನೇ ಹಿಡಿಯುತ್ತವೆ. ಒಂದನ್ನು ನಿಲ್ಲಿಸಲು ಹೋಗಿ ಎಲ್ಲವನ್ನೂ ನಿಲ್ಲಿಸಿದರೆ ರೋಗಿ ಉಳಿಯುವುದಿಲ್ಲ ಎಂದು ಹಲವರು ತಲೆಯಾಡಿಸಿದ್ದರು. ಸ್ವಿಟ್ಜರ್ಲೆಂಡಿನ ಸಿಬಾ-ಗೈಗಿ ಕಂಪನಿಯಲ್ಲಿ ನಿಕೋಲಸ್ ಲೈಡನ್ ಮತ್ತು ಜೊತೆಗಾರರು ತಯಾರಿಸಿದ ರಾಸಾಯನಿಕಗಳಲ್ಲಿ ಒಂದು ಎಬಿಎಲ್‌ನ ಎಟಿಪಿ ಗೂಡಿಗೆ ಚೆನ್ನಾಗಿ ಕೂರುತ್ತಿತ್ತು. ಅಮೆರಿಕದ ಪೋರ್ಟ್‌ಲೆಂಡಿನ ವೈದ್ಯ ಬ್ರಯಾನ್ ಡ್ರೂಕರ್ ಅದನ್ನು ರೋಗಿಗಳ ಕೋಶಗಳ ಮೇಲೆ ಹಾಕಿ ನೋಡಿದರು. ಬಿಸಿಆರ್-ಎಬಿಎಲ್ ಇದ್ದವು ಸತ್ತವು, ಉಳಿದವು ಬದುಕಿದವು. 1996ರಲ್ಲಿ ಈ ಫಲಿತಾಂಶ ಹೊರಬಂತು. ಅದೇ ವರ್ಷ ಕಂಪನಿ ಇನ್ನೊಂದರ ಜೊತೆ ಸೇರಿ ನೋವಾರ್ಟಿಸ್ ಆಗುವ ನಿರ್ಧಾರವಾಯಿತು. ರೋಗಿಗಳು ಕಡಿಮೆ, ನಾಯಿಗಳ ಮೇಲಿನ ಪರೀಕ್ಷೆಯಲ್ಲಿ ಲಿವರ್‌ಗೆ ತೊಂದರೆ ಕಂಡಿತ್ತು, ಹೀಗೆ ಹಿಂಜರಿಯಲು ಕಾರಣಗಳಿದ್ದವು. ಡ್ರೂಕರ್ ಬಿಡಲಿಲ್ಲ.

1998ರ ಜೂನಿನಲ್ಲಿ ಮೊದಲ ರೋಗಿ ಮಾತ್ರೆ ನುಂಗಿದರು. ದಿನಕ್ಕೆ 300 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ತೆಗೆದುಕೊಂಡ 54 ಜನರಲ್ಲಿ 53 ಜನರ ರಕ್ತದ ಕೌಂಟ್ ಪೂರ್ತಿ ಸರಿಹೋಯಿತು. ಕ್ಯಾನ್ಸರಿನ ಮೊದಲ ಹಂತದ ಪ್ರಯೋಗದಲ್ಲಿ ಇಂಥ ಅಂಕಿ ಯಾರೂ ಕಂಡಿರಲಿಲ್ಲ. 2001ರ ಮೇ 10ರಂದು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಮದ್ದಿನ ಹೆಸರು ಇಮ್ಯಾಟಿನಿಬ್. ಮುಂದಿನ ದೊಡ್ಡ ಪ್ರಯೋಗದಲ್ಲಿ ಈ ಮಾತ್ರೆಯಿಂದ ಶುರು ಮಾಡಿದವರಲ್ಲಿ 10 ವರ್ಷದ ನಂತರ ಬದುಕಿದ್ದವರು 83%. ಅದಕ್ಕೆ ಮುಂಚೆ ಮಜ್ಜೆ ಕಸಿ ಇಲ್ಲವೇ ಜ್ವರ, ಮೈಕೈ ನೋವು ತರುವ ಇಂಟರ್‌ಫೆರಾನ್ ಇಂಜೆಕ್ಷನ್, ಇವೇ ಮುಖ್ಯ ದಾರಿಗಳಾಗಿದ್ದವು.

ದಿನಕ್ಕೊಂದು 400 ಮಿಲಿಗ್ರಾಂ ಮಾತ್ರೆ, ಊಟದ ಜೊತೆ, ದೊಡ್ಡ ಲೋಟ ನೀರು. ಕಣ್ಣಿನ ಸುತ್ತ ಊತ, ರಾತ್ರಿ ಮೀನಖಂಡ ಹಿಡಿದುಕೊಳ್ಳುವುದು, ಹೊಟ್ಟೆ ತೊಳಸುವುದು ಮಾಮೂಲು. ಕೂದಲು ಉದುರುವ ಕೀಮೋಥೆರಪಿಯ ಚಿತ್ರ ಇಟ್ಟುಕೊಂಡು ಬಂದ ಮನೆಯವರಿಗೆ ಇದು ಕ್ಯಾನ್ಸರ್ ಮದ್ದು ಎಂದೇ ಅನ್ನಿಸುವುದಿಲ್ಲ.

ಬೆಲೆಯ ಮಾತು ಬಿಟ್ಟರೆ ಪ್ರಕರಣ ಅರ್ಧವೇ ಆಗುತ್ತದೆ. ನೋವಾರ್ಟಿಸ್ ಇಮ್ಯಾಟಿನಿಬನ್ನು ಗ್ಲೀವೆಕ್ ಎಂಬ ಹೆಸರಿನಲ್ಲಿ ಮಾರುತ್ತಿತ್ತು, ಪೇಟೆಂಟ್ ಜಗಳದ ಕಾಲದಲ್ಲಿ ಭಾರತದಲ್ಲಿ ಅದಕ್ಕೆ ತಿಂಗಳಿಗೆ ಸುಮಾರು 1.2 ಲಕ್ಷ ರೂಪಾಯಿ ಇತ್ತು. ಇಲ್ಲಿನ ಕಂಪನಿಗಳು ತಯಾರಿಸಿದ ಅದೇ ಮದ್ದಿಗೆ ಆಗ 8ರಿಂದ 10 ಸಾವಿರ ಇತ್ತು. ಬಹಳ ರೋಗಿಗಳಿಗೆ ಉಚಿತವಾಗಿ ಕೊಡುತ್ತಿದ್ದೇವೆ ಎನ್ನುವುದು ಕಂಪನಿಯ ಮಾತಾಗಿತ್ತು. ಇಮ್ಯಾಟಿನಿಬ್‌ನ ಒಂದು ಬಗೆಯ ಹರಳಿಗೆ ಅದು ಪೇಟೆಂಟ್ ಕೇಳಿತ್ತು. ಚೆನ್ನೈನ ಪೇಟೆಂಟ್ ಕಚೇರಿ 2006ರಲ್ಲಿ ಇಲ್ಲ ಅಂದಿತು. ಗೊತ್ತಿರುವ ಮದ್ದಿನ ಹೊಸ ರೂಪಕ್ಕೆ, ಪರಿಣಾಮದಲ್ಲಿ ಸುಧಾರಣೆ ಇಲ್ಲದಿದ್ದರೆ ಪೇಟೆಂಟ್ ಇಲ್ಲ ಎನ್ನುತ್ತದೆ ನಮ್ಮ ಕಾನೂನಿನ 3(ಡಿ) ಕಲಮು. ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ಅದನ್ನೇ ಎತ್ತಿಹಿಡಿಯಿತು. ಸಂಶೋಧನೆಗೆ ಹಣ ಎಲ್ಲಿಂದ ಬರಬೇಕು ಎಂಬ ಕಂಪನಿಗಳ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬದುಕಿರುವಷ್ಟು ದಿನ ನುಂಗಬೇಕಾದ ಮಾತ್ರೆಗೆ ತಿಂಗಳಿಗೆ ಲಕ್ಷ ರೂಪಾಯಿ ಅಂದರೆ ನಮ್ಮ ಬಹುಪಾಲು ಮನೆಗಳಿಗೆ ಆ ಮಾತ್ರೆ ಇಲ್ಲ ಎಂದೇ ಅರ್ಥ.

ಎ-ಸಿ-ಟಿ, ಎ-ಟಿ-ಟಿ

ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ ಸಿಎಂಎಲ್ ರೋಗಿಗಳು ಮೂರು ತಿಂಗಳಿಗೊಮ್ಮೆ ಹಿಡಿದುಕೊಂಡು ಬರುವ ರಿಪೋರ್ಟಿನಲ್ಲಿ ಒಂದು ಶೇಕಡಾ ಅಂಕಿ ಇರುತ್ತದೆ. ರಕ್ತದಲ್ಲಿ ಬಿಸಿಆರ್-ಎಬಿಎಲ್ ಎಷ್ಟು ಉಳಿದಿದೆ ಎಂಬ ಲೆಕ್ಕ. 3 ತಿಂಗಳಿಗೆ 10%ಕ್ಕಿಂತ ಕೆಳಗೆ, 6 ತಿಂಗಳಿಗೆ 1%ಕ್ಕಿಂತ ಕೆಳಗೆ, ವರ್ಷಕ್ಕೆ 0.1% ಅಥವಾ ಅದಕ್ಕೂ ಕಡಿಮೆ ಬಂದರೆ ಸರಿದಾರಿ. ಹಳೆಯ ರೋಗಿಗಳು ದಶಮಾಂಶ ಬಿಂದು ಎಲ್ಲಿದೆ ಎಂದು ವೈದ್ಯರಿಗಿಂತ ಮುಂಚೆ ನೋಡುತ್ತಾರೆ.

ಕೆಲವರಲ್ಲಿ ಈ ಅಂಕಿ ಇಳಿದು, ಮತ್ತೆ ಏರುತ್ತದೆ. ವೈದ್ಯರು ಮೊದಲು ಕೇಳುವುದು, "ಮಾತ್ರೆ ಬಿಟ್ಟಿದ್ದೀರಾ?" ಅಂತ. ಮೈ ಹಗುರಾಗಿದೆ, ಊರಲ್ಲಿ ಜಾತ್ರೆ, ಒಂದು ವಾರ ಬಿಟ್ಟರೇನು ಅನ್ನುವುದು ನಡೆಯುತ್ತದೆ. ಹತ್ತರಲ್ಲಿ ಒಂದೆರಡು ಮಾತ್ರೆ ತಪ್ಪಿದರೂ ಅಂಕಿಯಲ್ಲಿ ಗೊತ್ತಾಗುತ್ತದೆ. ಒಂದು ದಿನವೂ ಬಿಡದೆ ನುಂಗಿದವರಲ್ಲೂ ಏರಿದರೆ ಕಾರಣ ಬೇರೆ.

ಈಗ ಆ 100 ಕೋಟಿಯ ಲೆಕ್ಕ ನೆನಪಿಸಿಕೊಳ್ಳಿ. ರೋಗ ಪತ್ತೆಯಾಗುವ ಹೊತ್ತಿಗೆ ಮೈಯಲ್ಲಿ ಸುಮಾರು 1 ಲಕ್ಷ ಕೋಟಿ ಕ್ಯಾನ್ಸರ್ ಕೋಶಗಳಿರಬಹುದು. ಒಂದು ನಿರ್ದಿಷ್ಟ ಅಕ್ಷರ ತಪ್ಪುವ ಸಾಧ್ಯತೆ ಒಂದು ಸಲ ಒಡೆಯುವಾಗ 100 ಕೋಟಿಗೆ ಒಂದೇ ಇರಬಹುದು. ಆದರೆ ಇಷ್ಟು ಕೋಶಗಳಿದ್ದಾಗ, ಎಲ್ಲೋ ಕೆಲವದರಲ್ಲಿ ಅದು ಆಗಲೇ ತಪ್ಪಿರುತ್ತದೆ. ಅವುಗಳಲ್ಲಿ ಹೆಚ್ಚಿನವು ನಾಲ್ಕು ದಿನ ಬದುಕಿ ಸಾಯುವ ಕಣಗಳು, ಲೆಕ್ಕಕ್ಕಿಲ್ಲ. ಎಂದೋ ಒಂದು ಹಾಗಲ್ಲ.

ಎಬಿಎಲ್‌ನ 315ನೇ ಜಾಗದಲ್ಲಿ ಥ್ರಿಯೊನಿನ್ ಎಂಬ ಅಮೈನೋ ಆಮ್ಲ, ಅಂದರೆ ಪ್ರೋಟೀನ್ ಕಟ್ಟುವ ಒಂದು ಇಟ್ಟಿಗೆ, ಇದೆ. ಡಿಎನ್‌ಎಯಲ್ಲಿ ಅದರ ಬರಹ ಎ-ಸಿ-ಟಿ. ಇಮ್ಯಾಟಿನಿಬ್ ತನ್ನ ಗೂಡಿನಲ್ಲಿ ಕೂತಾಗ ಒಂದು ಕೈ ಚಾಚಿ ಹಿಡಿದುಕೊಳ್ಳುವುದು ಈ ಥ್ರಿಯೊನಿನ್ನನ್ನೇ. ನಡುವಿನ ಸಿ ಹೋಗಿ ಟಿ ಆದರೆ ಎ-ಟಿ-ಟಿ. ಆಗ ಅಲ್ಲಿ ಬರುವುದು ಐಸೊಲ್ಯೂಸಿನ್. ಅದಕ್ಕೆ ಹಿಡಿದುಕೊಳ್ಳಲು ಕೈ ಕೊಡುವ ಭಾಗವೂ ಇಲ್ಲ, ಮೇಲಾಗಿ ಮೈ ದಪ್ಪ. ಮದ್ದು ಗೂಡಿಗೆ ತೂರುವುದೇ ಇಲ್ಲ. ಎಟಿಪಿ ಮಾತ್ರ ಎಂದಿನಂತೆ ಬಂದುಹೋಗುತ್ತದೆ. ಮಾತ್ರೆ ಉಳಿದ ಕೋಶಗಳನ್ನೆಲ್ಲ ಕೊಲ್ಲುತ್ತ ಹೋದಂತೆ ಇಂಥ ಒಂದಕ್ಕೆ ಇಡೀ ಮಜ್ಜೆಯೇ ಖಾಲಿ ಹೊಲ. ಗದ್ದೆಗೆ ಅದೇ ಕಳೆನಾಶಕ ಹೊಡೆಯುತ್ತ ಹೋದವರಿಗೆ ಇದನ್ನು ವಿವರಿಸಬೇಕಾಗಿಲ್ಲ. 2001ರಲ್ಲಿ, ಮದ್ದಿಗೆ ಒಪ್ಪಿಗೆ ಸಿಕ್ಕ ವರ್ಷವೇ, ಮದ್ದು ನಾಟದ ರೋಗಿಗಳಲ್ಲಿ ಈ ಒಂದಕ್ಷರದ ತಪ್ಪು ಪತ್ತೆಯಾಯಿತು.

ಆಮೇಲೆ ಡಾಸಾಟಿನಿಬ್, ನಿಲೋಟಿನಿಬ್ ಬಂದವು. ಬೇರೆ ಹಲವು ತಪ್ಪುಗಳಿಗೆ ನಾಟಿದವು, 315ಕ್ಕೆ ನಾಟಲಿಲ್ಲ. ಪೊನಾಟಿನಿಬ್ ನಾಟಿತು, ಆದರೆ ರಕ್ತನಾಳಗಳು ಕಟ್ಟಿಕೊಳ್ಳುವ ಅಪಾಯ ಜೊತೆಗೆ ಬಂತು.

ಮಾತ್ರೆ ಚೆನ್ನಾಗಿ ನಾಟಿದವರ ಪ್ರಶ್ನೆ ಬೇರೆ: "ಇನ್ನು ನಿಲ್ಲಿಸಬಹುದಾ?" ಫ್ರಾನ್ಸಿನಲ್ಲಿ 100 ಜನರ ಮೇಲೆ ಇದನ್ನು ನೋಡಿದರು. ಎರಡು ವರ್ಷ ಬಿಸಿಆರ್-ಎಬಿಎಲ್ ಪತ್ತೆಯೇ ಆಗದವರು. ನಿಲ್ಲಿಸಿದ ಮೇಲೆ ಸುಮಾರು 60 ಜನರಲ್ಲಿ ಅದು ಮರಳಿತು, ಹೆಚ್ಚಿನವರಲ್ಲಿ ಮೊದಲ ಆರು ತಿಂಗಳಲ್ಲೇ. ಮತ್ತೆ ಮಾತ್ರೆ ಶುರು ಮಾಡಿದರೆ ಇಳಿಯಿತು. ಉಳಿದ 40ರಷ್ಟು ಜನ ಮಾತ್ರೆ ಇಲ್ಲದೆ ಮುಂದುವರಿದರು. ಮರಳಲು ಕಾರಣ ಆ ಮೊದಲ ತಾಯಿಕೋಶದ ಬಳಗ. ಅವು ಒಡೆಯದೆ ಮಲಗಿರುತ್ತವೆ. ಅವು ಬದುಕಿರುವುದು ಬಿಸಿಆರ್-ಎಬಿಎಲ್‌ನ ಸೂಚನೆಯನ್ನೇ ನೆಚ್ಚಿಕೊಂಡೇನೂ ಅಲ್ಲ. ಅದನ್ನು ನಿಲ್ಲಿಸಿದರೂ ನಿದ್ದೆ ಮುಂದುವರಿಯುತ್ತದೆ.

2021ರ ಅಕ್ಟೋಬರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಅಸಿಮಿನಿಬ್ ಬೇರೆ ಕಡೆಯಿಂದ ಬಂತು. ಅದು ಎಟಿಪಿ ಗೂಡಿನ ಹತ್ತಿರ ಹೋಗುವುದೇ ಇಲ್ಲ. ಹಾಗಾಗಿ 315ರಲ್ಲಿ ಏನಿದ್ದರೂ ಅದಕ್ಕೆ ದೊಡ್ಡ ಅಡ್ಡಿಯಲ್ಲ, ಡೋಸು ಮಾತ್ರ ಜಾಸ್ತಿ ಬೇಕು. ಎಬಿಎಲ್ ತನ್ನ ಚಿಲಕ ಕಳೆದುಕೊಂಡಿತ್ತಲ್ಲ, ಆ ಕೊಬ್ಬಿನ ಕೊಂಡಿ ಕೂರಬೇಕಿದ್ದ ಬೆನ್ನಿನ ಗುಳಿ ಇಷ್ಟು ವರ್ಷವೂ ಖಾಲಿ ಇತ್ತು. ಅಸಿಮಿನಿಬ್ ಹೋಗಿ ಕೂರುವುದು ಅಲ್ಲಿ.